ಫೈಬರ್ ಕಟ್ ಆದರೂ ಸರ್ವೀಸ್ ಬೀಳಬಾರದು: ಒಟಿಎನ್‌ನಲ್ಲಿ ಹಂಚಿಕೆಯ ಬ್ಯಾಕಪ್ ಕಟ್ಟುವ ಕ್ರಮ

ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಫೈಬರ್ ಕಟ್ ಆಗುತ್ತವೆ, ಅದರಿಂದ ಸುಮಾರು 3,000 ಕೋಟಿ ರೂಪಾಯಿ ನಷ್ಟ ಎಂಬುದು 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಬಿಟ್ಟಾಗ ಕೇಂದ್ರ ಸರ್ಕಾರ ಕೊಟ್ಟ ಲೆಕ್ಕ. ಆ್ಯಪ್ ಬಂತೆಂದು ಜೆಸಿಬಿ ನಿಲ್ಲುವುದಿಲ್ಲ, ಘಾಟಿಯಲ್ಲಿ ಮಣ್ಣು ಕುಸಿಯುವುದೂ ನಿಲ್ಲುವುದಿಲ್ಲ. ಕಟ್ ಆಗಿಯೇ ಆಗುತ್ತದೆ ಎಂದುಕೊಂಡೇ ಟ್ರಾನ್ಸ್‌ಪೋರ್ಟ್ ನೆಟ್‌ವರ್ಕ್, ಅಂದರೆ ಊರಿಂದೂರಿಗೆ ಡೇಟಾ ಸಾಗಿಸುವ ಫೈಬರ್ ಜಾಲ, ಪ್ಲಾನ್ ಮಾಡಬೇಕು. ಅದನ್ನು ಕಟ್ಟುವ ಒಂದು ತಂತ್ರಜ್ಞಾನವೇ ಒಟಿಎನ್ (ಆಪ್ಟಿಕಲ್ ಟ್ರಾನ್ಸ್‌ಪೋರ್ಟ್ ನೆಟ್‌ವರ್ಕ್).

ಪ್ಲಾನ್ ಮಾಡುವವರ ಮುಂದೆ ಸಾಮಾನ್ಯವಾಗಿ ಎರಡು ದಾರಿ ಇರುತ್ತವೆ. ಒಂದು, 1+1. ಪ್ರತಿ ಸರ್ವೀಸಿಗೂ ಎರಡು ದಾರಿಯಲ್ಲಿ ಒಂದೇ ಸಿಗ್ನಲ್ ಹೋಗುತ್ತಿರುತ್ತದೆ, ರಿಸೀವರ್ ಚೆನ್ನಾಗಿರುವುದನ್ನು ಆರಿಸಿಕೊಳ್ಳುತ್ತದೆ. ಇದಕ್ಕಿಂತ ವೇಗದ್ದು ಬೇರೆ ಇಲ್ಲ, ಆದರೆ ಕೆಪಾಸಿಟಿ ಎರಡು ಪಟ್ಟು ಬೇಕು. ಬ್ಯಾಕಪ್ ದಾರಿ ಉದ್ದವಾಗಿದ್ದರೆ ಅದಕ್ಕಿಂತಲೂ ಹೆಚ್ಚು. ಇನ್ನೊಂದು, ಕಟ್ ಆದ ಮೇಲೆ ರೋಡಮ್ (ಬೆಳಕನ್ನು ಬೇಕಾದ ಫೈಬರಿಗೆ ತಿರುಗಿಸುವ ಉಪಕರಣ) ಮೂಲಕ ತರಂಗವನ್ನೇ, ಅಂದರೆ ಡೇಟಾ ಹೊತ್ತ ಒಂದು ಬಣ್ಣದ ಬೆಳಕನ್ನೇ, ಬೇರೆ ದಾರಿಗೆ ತಿರುಗಿಸುವುದು. ಖರ್ಚು ಕಡಿಮೆ, ಆದರೆ ನಿಧಾನ. ಲೇಸರ್ ಹೊಸ ತರಂಗಕ್ಕೆ ಟ್ಯೂನ್ ಆಗಬೇಕು, ದಾರಿಯಲ್ಲಿರುವ ಪ್ರತಿ ಆಂಪ್ಲಿಫೈಯರ್‌ನ ಪವರ್ ಮತ್ತೆ ಸಮವಾಗಬೇಕು, ಆಮೇಲೆ ಕೋಹೆರೆಂಟ್ ರಿಸೀವರ್ ಲಾಕ್ ಆಗಬೇಕು. ಹತ್ತಾರು ಸೆಕೆಂಡಿನಿಂದ ನಿಮಿಷಗಳವರೆಗೆ ಹೋಗುತ್ತದೆ.

ಇವೆರಡರ ನಡುವೆ ಇರುವುದು ಶೇರ್ಡ್ ಮೆಶ್ ಪ್ರೊಟೆಕ್ಷನ್. ಟೆಲಿಕಾಂ ಮಾನದಂಡ ರೂಪಿಸುವ ಐಟಿಯು-ಟಿ ಇದರ ಸಾಮಾನ್ಯ ತತ್ವವನ್ನು 2012ರಲ್ಲಿ ಜಿ.808.3ರಲ್ಲೂ, ಒಟಿಎನ್‌ಗೆ ಬೇಕಾದ ವಿವರವನ್ನು 2017ರಲ್ಲಿ ಜಿ.873.3ರಲ್ಲೂ ಕೊಟ್ಟಿದೆ. ಬ್ಯಾಕಪ್ ದಾರಿಯನ್ನು ಮೊದಲೇ ಲೆಕ್ಕ ಹಾಕಿ ಪ್ರತಿ ನೋಡ್‌ನಲ್ಲೂ ಬರೆದಿಟ್ಟಿರುತ್ತೇವೆ, ಕ್ರಾಸ್ ಕನೆಕ್ಟ್ (ನೋಡ್‌ನೊಳಗೆ ಬರುವ ದಾರಿಯನ್ನು ಹೋಗುವ ದಾರಿಗೆ ಜೋಡಿಸುವುದು) ಮಾತ್ರ ಕಟ್ ಆದ ಮೇಲೆ ಆಗುತ್ತದೆ. ಹಾಗಾಗಿ ಒಂದೇ ಸ್ಲಾಟನ್ನು (ಲಿಂಕಿನ ಕೆಪಾಸಿಟಿಯ ಒಂದು ತುಂಡು) ಹಲವು ಸರ್ವೀಸುಗಳ ಹೆಸರಿಗೆ ಕಾಯ್ದಿರಿಸಬಹುದು: ನಾಲ್ಕು ಚಕ್ರಕ್ಕೆ ಒಂದೇ ಸ್ಟೆಪ್ನಿ ಇದ್ದಂತೆ. ಎರಡು ಟೈರ್ ಒಟ್ಟಿಗೇ ಪಂಕ್ಚರ್ ಆಗದಂತೆ ನೋಡಿಕೊಳ್ಳುವುದು ಪ್ಲಾನಿಂಗ್‌ನವರ ಕೆಲಸ. ಈ ಲೇಖನದ ಹೆಚ್ಚಿನ ಭಾಗ ಅದರ ಬಗ್ಗೆಯೇ ಇದೆ.

ಇದು ಮಿಲಿಸೆಕೆಂಡುಗಳಲ್ಲಿ ಮುಗಿಯುವುದಕ್ಕೆ ಕಾರಣ, ಪ್ರತಿ ಹಾಪ್‌ನ ತರಂಗವೂ ಮೊದಲೇ ಬೆಳಗಿರುತ್ತದೆ, ಎಫ್‌ಇಸಿ (ದೋಷ ತಿದ್ದುವ ಕೋಡ್) ಲಾಕ್ ಆಗಿರುತ್ತದೆ. ಬದಲಾಗುವುದು ಎಲೆಕ್ಟ್ರಾನಿಕ್ ಒಡಿಯು (ಸರ್ವೀಸನ್ನು ತುಂಬಿ ಕಳಿಸುವ ಒಟಿಎನ್ ಡಬ್ಬಿ) ಸ್ವಿಚ್ ಮಾತ್ರ, ಆಪ್ಟಿಕಲ್ ಭಾಗವನ್ನು ಯಾರೂ ಮುಟ್ಟುವುದಿಲ್ಲ.

ಹಂತ 1: ಯಾವ ಸರ್ವೀಸಿಗೆ ಏನು

ಎಲ್ಲವನ್ನೂ ಹಂಚಿಕೆಗೆ ಹಾಕಬೇಡಿ. ವಿದ್ಯುತ್ ಗ್ರಿಡ್‌ನ ಟೆಲಿಪ್ರೊಟೆಕ್ಷನ್ (ರಕ್ಷಣಾ ರಿಲೇಗಳ ನಡುವಿನ ಸಂಕೇತ), ಆಸ್ಪತ್ರೆ ಮತ್ತು ತುರ್ತು ಸೇವೆಯ ಲಿಂಕ್ – ಇಂಥವಕ್ಕೆ 1+1 ಇರಲಿ. ಅದರಲ್ಲೂ ಟೆಲಿಪ್ರೊಟೆಕ್ಷನ್‌ಗೆ ಮತ್ತು ಪಿಟಿಪಿ ಟೈಮಿಂಗ್‌ಗೆ (ನೆಟ್‌ವರ್ಕ್ ಮೂಲಕ ಗಡಿಯಾರ ಹೊಂದಿಸುವುದು) ಬೈಡೈರೆಕ್ಷನಲ್ ಸ್ವಿಚಿಂಗ್, ಅಂದರೆ ಎರಡೂ ದಿಕ್ಕು ಒಟ್ಟಿಗೇ ತಿರುಗುವುದು, ಬೇಕು. ಯುನಿಡೈರೆಕ್ಷನಲ್ ಇಟ್ಟರೆ ಹೋಗುವ ಸಿಗ್ನಲ್ ಒಂದು ದಾರಿ, ಬರುವ ಸಿಗ್ನಲ್ ಇನ್ನೊಂದು ದಾರಿ ಹಿಡಿಯುತ್ತದೆ. ಎರಡು ದಿಕ್ಕಿನ ವಿಳಂಬ ಬೇರೆಬೇರೆಯಾಗಿ ರಿಲೇಗಳಿಗೂ ಗಡಿಯಾರಗಳಿಗೂ ಲೆಕ್ಕ ತಪ್ಪುತ್ತದೆ. ರೂಟರ್ ಲಿಂಕ್, ಮೊಬೈಲ್ ಬ್ಯಾಕ್‌ಹಾಲ್, ಬ್ಯಾಂಕ್ ಮತ್ತು ಕಂಪನಿಗಳ ಲೀಸ್ಡ್ ಲೈನ್ ಹಂಚಿಕೆಗೆ ಸರಿಹೊಂದುತ್ತವೆ. ಐಪಿ ಪದರದಲ್ಲೇ ಸಾಕಷ್ಟು ಬ್ಯಾಕಪ್ ಇರುವ ಇಂಟರ್ನೆಟ್ ಟ್ರಾಫಿಕ್ಕಿಗೆ ಒಟಿಎನ್‌ನಲ್ಲಿ ಏನೂ ಬೇಡ. ಅದಕ್ಕೂ ಪ್ರೊಟೆಕ್ಷನ್ ಕೊಡುವುದು ಒಂದೇ ಟ್ರಾಫಿಕ್ಕಿಗೆ ಎರಡು ಸಲ ದುಡ್ಡು ಸುರಿದಂತೆ.

ಹಂತ 2: ಎಸ್‌ಆರ್‌ಎಲ್‌ಜಿ ಪಟ್ಟಿ, ನಕ್ಷೆಯ ಮೇಲಲ್ಲ, ನೆಲದ ಮೇಲೆ

ಒಂದೇ ಏಟಿಗೆ ಒಟ್ಟಿಗೆ ಬೀಳುವ ಲಿಂಕ್‌ಗಳ ಗುಂಪೇ ಶೇರ್ಡ್ ರಿಸ್ಕ್ ಲಿಂಕ್ ಗ್ರೂಪ್, ಎಸ್‌ಆರ್‌ಎಲ್‌ಜಿ. ದಾರಿಗಳನ್ನು ಹೊಂದಿಸುವ ಜಿಎಂಪಿಎಲ್‌ಎಸ್ ಪ್ರೋಟೋಕಾಲ್‌ಗಳಲ್ಲಿ ಅದು 32 ಬಿಟ್‌ನ ಒಂದು ಸಂಖ್ಯೆ, ಅಷ್ಟೆ. ಸಾಫ್ಟ್‌ವೇರ್ ಆ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬುತ್ತದೆ. ನೀವು ತಪ್ಪು ತುಂಬಿಸಿದರೆ ತಪ್ಪನ್ನೇ ಮಿಲಿಸೆಕೆಂಡಿನಲ್ಲಿ ಜಾರಿ ಮಾಡುತ್ತದೆ.

ಕರ್ನಾಟಕದ್ದೇ ಭೂಗೋಳ ಇಟ್ಟುಕೊಂಡು ಒಂದು ಅಭ್ಯಾಸ ಮಾಡೋಣ. ಫೈಬರ್ ಹೆದ್ದಾರಿಯ ಪಕ್ಕದಲ್ಲೇ ಹೋಗಿದೆ ಎಂದುಕೊಳ್ಳಿ. ಮೂರು ಸರ್ವೀಸ್:

ಎ – ಬೆಂಗಳೂರು–ಮಂಗಳೂರು, 5 ಒಡಿಯು2 (ಒಂದೊಂದೂ ಸುಮಾರು 10ಜಿ). ವರ್ಕಿಂಗ್ ದಾರಿ ಹಾಸನ, ಶಿರಾಡಿ ಘಾಟಿ. ಬ್ಯಾಕಪ್ ತುಮಕೂರು, ಶಿವಮೊಗ್ಗ, ಉಡುಪಿ.
ಬಿ – ಮೈಸೂರು–ಮಂಗಳೂರು, 4 ಒಡಿಯು2. ವರ್ಕಿಂಗ್ ಮಡಿಕೇರಿ, ಸಂಪಾಜೆ. ಬ್ಯಾಕಪ್ ಬೆಂಗಳೂರು, ತುಮಕೂರು, ಶಿವಮೊಗ್ಗ, ಉಡುಪಿ.
ಸಿ – ಹಾಸನ–ಮಂಗಳೂರು, 2 ಒಡಿಯು2. ವರ್ಕಿಂಗ್ ಶಿರಾಡಿ. ಬ್ಯಾಕಪ್ ಅರಸೀಕೆರೆ, ಶಿವಮೊಗ್ಗ, ಉಡುಪಿ.

ನಕ್ಷೆಯಲ್ಲಿ ನೋಡಿದರೆ ಶಿರಾಡಿ ಬೇರೆ, ಸಂಪಾಜೆ ಬೇರೆ. ಎ ಮತ್ತು ಬಿ ಒಟ್ಟಿಗೆ ಬೀಳುವುದಿಲ್ಲ, ಬ್ಯಾಕಪ್ ಹಂಚಿಕೊಳ್ಳಬಹುದು ಅನಿಸುತ್ತದೆ. ಆದರೆ ಘಾಟಿ ಇಳಿದ ಮೇಲೆ ಏನಾಗುತ್ತದೆ ನೋಡಿ. ಮಡಿಕೇರಿಯಿಂದ ಸುಳ್ಯ, ಪುತ್ತೂರು ಹಾದು ಬರುವ ಹೆದ್ದಾರಿ 275 ಮಾಣಿಯಲ್ಲಿ ಶಿರಾಡಿಯಿಂದ ಬರುವ ಹೆದ್ದಾರಿ 75ನ್ನು ಸೇರುತ್ತದೆ. ಅಲ್ಲಿಂದ ಪಾಣೆಮಂಗಳೂರಿನಲ್ಲಿ ನೇತ್ರಾವತಿ ದಾಟಿ, ಬಿ.ಸಿ. ರೋಡ್ ಹಾದು ಮಂಗಳೂರಿನವರೆಗೆ ಒಂದೇ ರಸ್ತೆ. ಚಾರ್ಮಾಡಿ ಕಡೆಯಿಂದ ಬರುವ ದಾರಿಯೂ ಬಿ.ಸಿ. ರೋಡಿಗೇ ಬಂದು ಕೂಡುತ್ತದೆ. ಸೇತುವೆಯ ಮೇಲೆ ಎರಡು ಕೇಬಲ್ ಒಂದೇ ಟ್ರೇಯಲ್ಲಿದ್ದರೆ, ಅಥವಾ ರಸ್ತೆ ಅಗಲೀಕರಣದಲ್ಲಿ ಎರಡು ಡಕ್ಟ್ ಅಕ್ಕಪಕ್ಕ ಇದ್ದರೆ, ಒಂದು ಬಕೆಟ್ ಏಟಿಗೆ ಎ, ಬಿ, ಸಿ ಮೂರೂ ಹೋಗುತ್ತವೆ. ಮಾಣಿ–ಮಂಗಳೂರು ಭಾಗಕ್ಕೆ ಬೇರೆಯೇ ಎಸ್‌ಆರ್‌ಎಲ್‌ಜಿ ಸಂಖ್ಯೆ ಕೊಟ್ಟು ಎರಡೂ ಲಿಂಕಿಗೆ ಹಾಕಲೇಬೇಕು. ಬ್ಯಾಕಪ್ ಉಡುಪಿ ಕಡೆಯಿಂದ ಕೂಳೂರು ಸೇತುವೆ ದಾಟಿ ಬರುವುದರಿಂದ ಅದು ಇದರಿಂದ ಬೇರೆಯೇ ಉಳಿಯುತ್ತದೆ. ಮಂಗಳೂರಿನೊಳಗೆ ಕಟ್ಟಡಕ್ಕೆ ನುಗ್ಗುವ ಕೊನೆಯ 200 ಮೀಟರ್ ಮಾತ್ರ ಖುದ್ದಾಗಿ ನೋಡಿ ಬನ್ನಿ. ಎರಡು ದಿಕ್ಕಿನಿಂದ ಬಂದ ಕೇಬಲ್ ಒಂದೇ ಮ್ಯಾನ್‌ಹೋಲ್ ಮೂಲಕ ಒಳಗೆ ಹೋಗುವುದು ತೀರಾ ಸಾಮಾನ್ಯ.

ಇನ್ನೊಂದು ಬಗೆಯ ಗುಂಪನ್ನು ಸಾಫ್ಟ್‌ವೇರ್ ಎಂದೂ ಕೇಳುವುದಿಲ್ಲ: ಮಳೆಗಾಲ. 2018ರ ಆಗಸ್ಟ್‌ನಲ್ಲಿ ಶಿರಾಡಿಯೂ ಸಂಪಾಜೆಯೂ ಭೂಕುಸಿತದಿಂದ ಒಟ್ಟಿಗೇ ಮುಚ್ಚಿದ್ದವು. ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗವೂ ಆಗಲೇ ಕುಸಿಯಿತು, ಹಾಗಾಗಿ ಹಳಿ ಪಕ್ಕದ ಫೈಬರ್ ಬಾಡಿಗೆಗೆ ತೆಗೆದುಕೊಂಡರೆ ಅಪಾಯ ತಪ್ಪಿತು ಎನ್ನಲಾಗದು. ಬ್ಯಾಕಪ್ಪಿನ ಆಗುಂಬೆ ಘಾಟಿಯೂ ಅದೇ ಮಳೆಗೆ ನೆನೆಯುತ್ತದೆ. ನಿಜಕ್ಕೂ ಬೇರೆ ಅಪಾಯದ ದಾರಿ ಬೇಕೆಂದರೆ ಹೈಟೆನ್ಷನ್ ಗೋಪುರಗಳ ಮೇಲಿನ ಒಪಿಜಿಡಬ್ಲ್ಯು (ಒಳಗೆ ಫೈಬರ್ ಇರುವ ಅರ್ತ್ ತಂತಿ), ಅಥವಾ ಕಾಸರಗೋಡು ಕಡೆಯಿಂದ ಕೇರಳದ ಮೂಲಕ ಸುತ್ತಿಬರುವ ದಾರಿ ನೋಡಬೇಕು.

ಹಂತ 3: ಸ್ಲಾಟ್ ಲೆಕ್ಕ

ಒಂದು 100ಜಿ ತರಂಗ ಹೊರುವ ಒಡಿಯು4ರಲ್ಲಿ 1.25ಜಿಯ 80 ಟ್ರಿಬ್ಯುಟರಿ ಸ್ಲಾಟ್ ಇವೆ. ಒಡಿಯು0ಗೆ 1, ಒಡಿಯು1ಕ್ಕೆ 2, ಒಡಿಯು2ಕ್ಕೆ 8, ಒಡಿಯು3ಕ್ಕೆ 31 ಸ್ಲಾಟ್ ಬೇಕು. ಹಾಗಾದರೆ ಎಗೆ 40, ಬಿಗೆ 32, ಸಿಗೆ 16.

ಲೆಕ್ಕವನ್ನು ಪ್ರತಿ ಲಿಂಕಿಗೂ ಪ್ರತ್ಯೇಕ ಮಾಡಬೇಕು. ಒಂದು ಎಸ್‌ಆರ್‌ಎಲ್‌ಜಿ ಬಿದ್ದರೆ ಈ ಲಿಂಕಿಗೆ ಬಂದು ಬೀಳುವ ಸ್ಲಾಟ್‌ಗಳನ್ನೆಲ್ಲ ಕೂಡಿ. ಹೀಗೆ ಎಲ್ಲ ಎಸ್‌ಆರ್‌ಎಲ್‌ಜಿಗೂ ಮಾಡಿ. ಬಂದ ಮೊತ್ತಗಳಲ್ಲಿ ದೊಡ್ಡದು ಯಾವುದೋ ಅದೇ ಆ ಲಿಂಕಿನಲ್ಲಿ ಕಾಯ್ದಿರಿಸಬೇಕಾದ್ದು. ಒಂದೇ ಗುಂಪಿನೊಳಗೆ ಕೂಡಬೇಕು, ಗುಂಪುಗಳ ನಡುವೆ ದೊಡ್ಡದನ್ನು ಆರಿಸಬೇಕು. ಇದನ್ನು ಅದಲುಬದಲು ಮಾಡಿದ ಎಕ್ಸೆಲ್ ಹಾಳೆಗಳಿಗೆ ಕೊರತೆಯಿಲ್ಲ.

ಶಿವಮೊಗ್ಗ–ಮಂಗಳೂರು ಲಿಂಕ್ ತೆಗೆದುಕೊಳ್ಳಿ. 1+1 ಕೊಟ್ಟಿದ್ದರೆ 40 + 32 + 16 = 88 ಸ್ಲಾಟ್. ಒಂದು 100ಜಿ ತರಂಗದಲ್ಲಿ ಹಿಡಿಯುವುದಿಲ್ಲ, ಎಂಟು ಸ್ಲಾಟಿಗೋಸ್ಕರ ದಾರಿಯುದ್ದಕ್ಕೂ ಎರಡನೇ ಜೋಡಿ ಲೈನ್ ಕಾರ್ಡ್ ಬೇಕು. ಹಂಚಿಕೆಯಲ್ಲಿ, ಶಿರಾಡಿ ಬಿದ್ದರೆ ಎ ಮತ್ತು ಸಿ ಸೇರಿ 56, ಸಂಪಾಜೆ ಬಿದ್ದರೆ ಬಿ ಒಂದೇ, 32. ದೊಡ್ಡದು 56. ಒಂದು ತರಂಗ ಸಾಕು, 24 ಸ್ಲಾಟ್ ಉಳಿಯುತ್ತದೆ. ಬೆಂಗಳೂರು–ಶಿವಮೊಗ್ಗ ಭಾಗದಲ್ಲಿ ಸಿ ಇಲ್ಲವಾದ್ದರಿಂದ ಅಲ್ಲಿ 40 ಸಾಕು, 1+1 ಆಗಿದ್ದರೆ 72.

ಈಗ ಮಾಣಿ–ಮಂಗಳೂರು ಗುಂಪನ್ನು ಸೇರಿಸಿ. ಮೂರೂ ಒಟ್ಟಿಗೆ ಬೀಳುತ್ತವೆ: ಮತ್ತೆ 88! ಹಂಚಿಕೆಯ ಉಳಿತಾಯ ಪೂರ್ತಿ ಕೈಬಿಟ್ಟಿತು. ನೆಲದ ಮೇಲಿನ 30 ಕಿಲೋಮೀಟರ್ ಸರಿಪಡಿಸದೆ ಸಾಫ್ಟ್‌ವೇರ್ ಲೈಸೆನ್ಸ್‌ಗೆ ದುಡ್ಡು ಕೊಡುವುದು ವ್ಯರ್ಥ ಎನ್ನುವುದು ಇದಕ್ಕೇ. ಎರಡು ದಾರಿ ಇವೆ. ಮಾಣಿಯಿಂದ ಮಂಗಳೂರಿಗೆ ಎರಡರಲ್ಲಿ ಒಂದು ಕೇಬಲನ್ನು ನದಿಯ ದಕ್ಷಿಣಕ್ಕೇ ಉಳಿಸಿಕೊಂಡು ಬೇರೆ ರಸ್ತೆಯಲ್ಲಿ ತರುವುದು. ಆಗದಿದ್ದರೆ, ಉಳಿದ 24 ಸ್ಲಾಟನ್ನೂ ಬ್ಯಾಕಪ್ಪಿಗೇ ಕೊಟ್ಟು 80ನ್ನೂ ಕಾಯ್ದಿರಿಸುವುದು. ಆಗ ಮೂರೂ ಬಿದ್ದರೂ 11 ಒಡಿಯು2ರಲ್ಲಿ 10 ಉಳಿಯುತ್ತವೆ, ಒಂದು ಮಾತ್ರ ಹೊರಗೆ. ಬೆಂಗಳೂರು–ಶಿವಮೊಗ್ಗ ಭಾಗದಲ್ಲೂ ಆಗ 40ರ ಬದಲು 72 ಇಡಬೇಕು ಎಂಬುದು ನೆನಪಿರಲಿ. ಮಳೆಗಾಲದ ಜೋಡಿ ಕುಸಿತಕ್ಕೂ ಇದೇ ಉತ್ತರ. ಹೊರಗುಳಿಯುವ ಆ ಒಂದು ಯಾವುದು ಎಂದು ಈಗಲೇ ತೀರ್ಮಾನಿಸಿ ಅದಕ್ಕೆ ಅತಿ ಕಡಿಮೆ ಪ್ರಯಾರಿಟಿ ಕೊಡಿ. ನೀವು ತೀರ್ಮಾನಿಸದಿದ್ದರೆ ಯಾವ ಎಪಿಎಸ್ ಸಂದೇಶ (ಬ್ಯಾಕಪ್ಪಿಗೆ ತಿರುಗಲು ನೋಡ್‌ಗಳು ಪರಸ್ಪರ ಕಳಿಸುವ ಸೂಚನೆ) ಮೊದಲು ತಲುಪಿತೋ ಅದು ತೀರ್ಮಾನಿಸುತ್ತದೆ.

ಸ್ಲಾಟ್‌ಗಳು ಸಾಲಾಗಿಯೇ ಇರಬೇಕೆಂದಿಲ್ಲ, ಆದರೆ ಲಿಂಕಿನ ಎರಡೂ ತುದಿಯಲ್ಲಿ ಒಂದೇ ಸಂಖ್ಯೆಯವು ಬರೆದಿರಬೇಕು. ಒಂದು ಕಡೆ ತಪ್ಪಿದರೂ ಸ್ವಿಚ್ ಆದ ಮೇಲೆ ಎಂಎಸ್‌ಐ (ಯಾವ ಸ್ಲಾಟಿನಲ್ಲಿ ಏನಿದೆ ಎಂದು ಸಿಗ್ನಲ್ ಜೊತೆ ಹೋಗುವ ಪಟ್ಟಿ) ತಾಳೆಯಾಗದೆ ಸರ್ವೀಸ್ ಮೇಲೇಳುವುದಿಲ್ಲ.

ಹಂತ 4: ಸಮಯದ ಬಜೆಟ್

ಎಲ್ಲರೂ ಹೇಳುವ 50 ಮಿಲಿಸೆಕೆಂಡ್, ಒಟಿಎನ್‌ಗಿಂತ ಹಿಂದಿನ ತಂತ್ರಜ್ಞಾನವಾದ ಎಸ್‌ಡಿಎಚ್ ಕಾಲದಿಂದ ಬಂದ ಗುರಿ. ದೋಷ ಪತ್ತೆಗೆ ಹಿಡಿಯುವ 10 ಮಿಲಿಸೆಕೆಂಡ್ ಅದರಲ್ಲಿ ಸೇರಿಲ್ಲ. ಗ್ರಾಹಕನಿಗೆ ಕಾಣುವುದು 60.

ಬೆಳಕು ಫೈಬರ್‌ನಲ್ಲಿ ಕಿಲೋಮೀಟರಿಗೆ ಸುಮಾರು 5 ಮೈಕ್ರೋಸೆಕೆಂಡ್ ತೆಗೆದುಕೊಳ್ಳುತ್ತದೆ. ಬಿಯ ಬ್ಯಾಕಪ್ ದಾರಿಯಲ್ಲಿ ಮೈಸೂರು, ಬೆಂಗಳೂರು, ತುಮಕೂರು, ಶಿವಮೊಗ್ಗ, ಉಡುಪಿ, ಮಂಗಳೂರು ಎಂಬ ಆರು ನೋಡ್. ಫೈಬರ್ ಉದ್ದ ಸುಮಾರು 720 ಕಿ.ಮೀ. ಎಂದಿಟ್ಟುಕೊಳ್ಳಿ. ಫೈಬರ್ ಯಾವತ್ತೂ ರಸ್ತೆಗಿಂತ ಉದ್ದ, ಲೂಪ್ ಬಿಟ್ಟಿರುತ್ತಾರೆ. ಹೋಗಲು 3.6, ಉತ್ತರ ಬರಲು 3.6, ಒಟ್ಟು 7.2 ಮಿಲಿಸೆಕೆಂಡ್. ಸಂದೇಶ ಓದಿ ಕ್ರಾಸ್ ಕನೆಕ್ಟ್ ಮಾಡಲು ನೋಡ್‌ಗೆ 4 ಮಿಲಿಸೆಕೆಂಡ್ ಹಿಡಿದರೆ 24. ಉತ್ತರವನ್ನು ಮುಂದೆ ದಾಟಿಸಲು ನೋಡ್‌ಗೆ 1ರಂತೆ 6. ಕೂಡಿದರೆ 37.2. ನೋಡ್‌ನ ಈ ಎರಡು ಸಂಖ್ಯೆ ಇಲ್ಲಿ ಉದಾಹರಣೆಗೆ ಹಾಕಿದವು, ನಿಮ್ಮ ಉಪಕರಣದ್ದನ್ನು ಅಳೆದು ಹಾಕಿಕೊಳ್ಳಿ. ಕಣ್ಣಿಗೆ ಬೀಳಬೇಕಾದ್ದು ಬೇರೆ: ದೂರಕ್ಕಿಂತ ನೋಡ್‌ಗಳೇ ಹೆಚ್ಚು ಸಮಯ ತಿನ್ನುತ್ತವೆ. 200 ಕಿ.ಮೀ. ಸುತ್ತಾದರೂ ಎರಡು ನೋಡ್ ಕಡಿಮೆ ಇರುವ ಬ್ಯಾಕಪ್ ದಾರಿ ಇದ್ದರೆ ಅದನ್ನೇ ಆರಿಸಿ.

ತುದಿಯಿಂದ ತುದಿಗೆ ಎಪಿಎಸ್ ಬಳಸುವ ಜಿ.873.1ರ ಮಾಮೂಲಿ, ಹಂಚಿಕೆಯಿಲ್ಲದ ಎಸ್‌ಎನ್‌ಸಿ ಪ್ರೊಟೆಕ್ಷನ್‌ನಲ್ಲಿ ಇನ್ನೊಂದು ಸಣ್ಣ ಖರ್ಚಿದೆ. ಎಪಿಎಸ್ ಬೈಟ್‌ಗಳನ್ನು ಎಂಟು ಮಟ್ಟಗಳು ಸರದಿಯಲ್ಲಿ ಬಳಸುತ್ತವೆ, ಒಂದೇ ಮೌಲ್ಯ ಸತತ ಮೂರು ಸಲ ಬಂದರೆ ಮಾತ್ರ ಒಪ್ಪಿಗೆ. ಒಡಿಯು2 ಫ್ರೇಮ್ 12 ಮೈಕ್ರೋಸೆಕೆಂಡಿನದಾದ್ದರಿಂದ ಅದು 0.3 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಒಡಿಯು0 ಫ್ರೇಮ್ 98 ಮೈಕ್ರೋಸೆಕೆಂಡ್, ಅಲ್ಲಿ ಸುಮಾರು 2.4 ಮಿಲಿಸೆಕೆಂಡ್.

ಹಂತ 5: ಟೈಮರ್‌ಗಳು

ಹೋಲ್ಡ್-ಆಫ್ ಟೈಮರ್ (ದೋಷ ಕಂಡ ಮೇಲೆ ಸ್ವಿಚ್ ಮಾಡುವ ಮೊದಲು ಕಾಯುವ ಸಮಯ) 0ಯಿಂದ 10 ಸೆಕೆಂಡಿನವರೆಗೆ, 100 ಮಿಲಿಸೆಕೆಂಡಿನ ಹೆಜ್ಜೆಯಲ್ಲಿ ಸಿಗುತ್ತದೆ. ಒಡಿಯು ಪದರದ ಕೆಳಗೆ ಆಪ್ಟಿಕಲ್ ಲೈನ್ ಪ್ರೊಟೆಕ್ಷನ್ ಇಲ್ಲದಿದ್ದರೆ 0 ಇಡಿ. ಇದ್ದರೆ 100 ಇಡಿ. ಎರಡೂ ಪದರ ಒಟ್ಟಿಗೆ ಓಡಿದರೆ ಆಪ್ಟಿಕಲ್ ಸ್ವಿಚ್ ದಾರಿ ಸರಿ ಮಾಡುವಷ್ಟರಲ್ಲಿ ಒಡಿಯು ಕೂಡ ಬ್ಯಾಕಪ್ಪಿಗೆ ಹಾರಿರುತ್ತದೆ. ಬೇಡವಾದ ಸರ್ವೀಸೊಂದು ಹಂಚಿಕೆಯ ಸ್ಲಾಟ್ ಹಿಡಿದು ಕೂತಿರುತ್ತದೆ.

ಮೇಲಿನ ಪದರವನ್ನೂ ನೋಡಿ. ರೂಟರಿನ ಬಿಎಫ್‌ಡಿ (ಲಿಂಕ್ ಬದುಕಿದೆಯೇ ಎಂದು ಪದೇ ಪದೇ ನೋಡುವ ಪ್ರೋಟೋಕಾಲ್) 10 ಮಿಲಿಸೆಕೆಂಡ್ × 3 ಎಂದಿದ್ದರೆ 30ರಲ್ಲೇ ಅದು ಲಿಂಕ್ ಸತ್ತಿತೆಂದು ಸಾರುತ್ತದೆ, ಒಟಿಎನ್ 37ರಲ್ಲಿ ಬಂದು ಪ್ರಯೋಜನವಿಲ್ಲ. 50 × 3 ಅಥವಾ ಅದಕ್ಕಿಂತ ಸಡಿಲ ಇಡಿ, ಇಂಟರ್‌ಫೇಸಿನ ಕ್ಯಾರಿಯರ್ ಡಿಲೇಯನ್ನು (ಲಿಂಕ್ ಬಿತ್ತೆಂದು ಸಾರುವ ಮೊದಲು ಕಾಯುವ ಸಮಯ) 100 ಮಿಲಿಸೆಕೆಂಡಿಗೆ ಏರಿಸಿ. ಐಪಿ ಟೀಮ್ ಮತ್ತು ಟ್ರಾನ್ಸ್‌ಪೋರ್ಟ್ ಟೀಮ್ ಒಂದೇ ಟೇಬಲ್ಲಿನಲ್ಲಿ ಕೂತು ಮಾಡಬೇಕಾದ ಕೆಲಸವಿದು. ಬಹಳ ಕಡೆ ಆ ಟೇಬಲ್ಲೇ ಇರುವುದಿಲ್ಲ.

ವೇಟ್-ಟು-ರಿಸ್ಟೋರ್ (ಕಟ್ ಸರಿಯಾದ ಮೇಲೆ ಹಳೆಯ ದಾರಿಗೆ ಮರಳುವ ಮೊದಲು ಕಾಯುವ ಸಮಯ) 5ರಿಂದ 12 ನಿಮಿಷ. 1+1ರಲ್ಲಿ ನಾನ್-ರಿವರ್ಟಿವ್ (ಹಳೆಯ ದಾರಿಗೆ ಮರಳದಂತೆ) ಇಟ್ಟರೆ ನಡೆಯುತ್ತದೆ. ಹಂಚಿಕೆಯಲ್ಲಿ ರಿವರ್ಟಿವ್ ಕಡ್ಡಾಯ, ಇಲ್ಲದಿದ್ದರೆ ಮೊದಲ ಕಟ್ ಸರಿಯಾದ ಮೇಲೂ ಎ ಮತ್ತು ಸಿ ಬ್ಯಾಕಪ್ ಬಿಡುವುದಿಲ್ಲ, ಬಿಗೆ ರಕ್ಷಣೆ ಇರುವುದಿಲ್ಲ. ಸ್ಪ್ಲೈಸಿಂಗ್ ನಡೆಯುವಾಗ ಕೋರ್ ಬಂದು ಹೋಗಿ ಮಾಡುತ್ತದೆ. ಜೋಡಿಸುವವನು ಫೈಬರನ್ನು ಟ್ರೇಯಲ್ಲಿ ಸುತ್ತುವಾಗ ಬಾಗಿದರೂ ಸಾಕು, ಸಿಗ್ನಲ್ ಮತ್ತೆ ಹೋಗುತ್ತದೆ. ಆ ಹೊತ್ತಿಗೆ ಟೈಮರನ್ನು ನಂಬಿ ಕೂರದೆ ಬ್ಯಾಕಪ್ಪಿಗೆ ಫೋರ್ಸ್ಡ್ ಸ್ವಿಚ್ (ಕ್ಲಿಯರ್ ಮಾಡುವವರೆಗೆ ಅಲ್ಲೇ ಹಿಡಿದಿಡುವ ಆದೇಶ) ಹಾಕಿ. ಕ್ಲೋಷರ್ ಮುಚ್ಚಿ, 1550 ನ್ಯಾನೋಮೀಟರಿನಲ್ಲಿ ಒಟಿಡಿಆರ್ (ಫೈಬರಿನ ದೋಷ ಎಲ್ಲಿದೆ ಎಂದು ತೋರಿಸುವ ಅಳತೆ) ನೋಡಿದ ಮೇಲೆ ಕ್ಲಿಯರ್ ಮಾಡಿ. ಒಂದು ಎಚ್ಚರ: ಆದ್ಯತೆಯ ಪಟ್ಟಿಯಲ್ಲಿ ಫೋರ್ಸ್ಡ್ ಸ್ವಿಚ್ ವರ್ಕಿಂಗ್ ದಾರಿಯ ಸಿಗ್ನಲ್ ಫೇಲ್‌ಗಿಂತ ಮೇಲಿದೆ. ಕ್ಲಿಯರ್ ಮಾಡಲು ಮರೆತ ಫೋರ್ಸ್ಡ್ ಸ್ವಿಚ್ ಹಂಚಿಕೆಯ ಸ್ಲಾಟನ್ನು ತಿಂಗಳುಗಟ್ಟಲೆ ಹಿಡಿದಿಟ್ಟ ಮೇಲೆ, ಮುಂದಿನ ಕಟ್‌ನಲ್ಲಷ್ಟೇ ಅದು ಗೊತ್ತಾಗುತ್ತದೆ. ವಾರಕ್ಕೊಮ್ಮೆ ಎಲ್ಲ ನೋಡ್‌ಗಳ ಫೋರ್ಸ್ಡ್ ಮತ್ತು ಲಾಕ್‌ಔಟ್ (ಬ್ಯಾಕಪ್ ಬಳಸದಂತೆ ತಡೆದಿಟ್ಟ) ಪಟ್ಟಿ ತೆಗೆದು ನೋಡಿ.

ಹಂತ 6: ಒಬ್ಬರ ಡೇಟಾ ಇನ್ನೊಬ್ಬರಿಗೆ ಹೋಗದಂತೆ

ಹಂಚಿಕೆಯಲ್ಲಿ ಮಾತ್ರ ಬರುವ ಅಪಾಯ ಇದು. ಬಿ ಈಗಾಗಲೇ ಬ್ಯಾಕಪ್ಪಿನಲ್ಲಿದೆ, ಹೆಚ್ಚು ಪ್ರಯಾರಿಟಿಯ ಎ ಬಂದು ಅದನ್ನು ಹೊರಹಾಕುತ್ತದೆ. ತುಮಕೂರು ಹೊಸ ಕ್ರಾಸ್ ಕನೆಕ್ಟ್ ಮಾಡಿದೆ, ಉಡುಪಿ ಇನ್ನೂ ಹಳೆಯದರಲ್ಲಿದೆ ಎಂದರೆ ಕೆಲವು ಮಿಲಿಸೆಕೆಂಡ್ ಬೆಂಗಳೂರಿನ ಡೇಟಾ ಬಿಯ ಮಂಗಳೂರು ಪೋರ್ಟಿಗೆ ಹೋಗಬಹುದು. ತಡೆಯಲು ಪ್ರತಿ ಒಡಿಯುಗೂ ಟ್ರೇಲ್ ಟ್ರೇಸ್ (ಎಲ್ಲಿಂದ ಎಲ್ಲಿಗೆ ಎಂಬ ವಿಳಾಸದ ಚೀಟಿ) ತುಂಬಿಸಿ: 64 ಬೈಟ್‌ನಲ್ಲಿ 16 ಮೂಲದ ಗುರುತಿಗೆ, 16 ಗಮ್ಯದ ಗುರುತಿಗೆ, ಉಳಿದ 32 ಆಪರೇಟರ್‌ಗೆ. ತುಂಬಿಸಿದರೆ ಸಾಲದು. ಟ್ರೇಸ್ ತಾಳೆಯಾಗದಿದ್ದರೆ ಡೇಟಾದ ಬದಲು ಎಐಎಸ್ (ದೋಷ ಸೂಚಿಸುವ ಸಿಗ್ನಲ್) ಹಾಕುವ ಆಯ್ಕೆಯನ್ನೂ ಆನ್ ಮಾಡಿ. ಅಲಾರಂ ಮಾತ್ರ ತೋರಿಸಿ ಡೇಟಾ ಬಿಟ್ಟುಬಿಡುವ ಸೆಟ್ಟಿಂಗ್‌ನಲ್ಲಿದ್ದರೆ ಟ್ರೇಸ್ ಇದ್ದೂ ಇಲ್ಲದಂತೆ.

ಎ ಸ್ಲಾಟ್ ಹಿಡಿದ ಕ್ಷಣ ಬಿಯ ತುದಿಗಳಿಗೆ ‘ಬ್ಯಾಕಪ್ ಸಿಗುವುದಿಲ್ಲ’ ಎಂಬ ಸೂಚನೆ ಹೋಗಬೇಕು. ಅದು ಬಂದ ಕೂಡಲೇ ಕಂಟ್ರೋಲ್ ಪ್ಲೇನ್ (ದಾರಿ ಲೆಕ್ಕ ಹಾಕುವ ಸಾಫ್ಟ್‌ವೇರ್) ಬಿಗೆ ಇನ್ನೊಂದು ದಾರಿ ಹುಡುಕಿಟ್ಟುಕೊಳ್ಳುವಂತೆ ಮಾಡಿ. ಆ ದಾರಿ ಸೆಕೆಂಡುಗಳಷ್ಟು ನಿಧಾನವಾದರೂ ಚಿಂತೆಯಿಲ್ಲ, ಎರಡನೇ ಕಟ್‌ಗೆ ಏನೂ ಇಲ್ಲದಿರುವುದಕ್ಕಿಂತ ಮೇಲು. ರೋಡಮ್ ರಿಸ್ಟೊರೇಷನ್ ಉಪಯೋಗಕ್ಕೆ ಬರುವುದು ಈ ಜಾಗದಲ್ಲಿ.

ಹಂತ 7: ಪರೀಕ್ಷೆ

ಕ್ಲೈಂಟ್ ಪೋರ್ಟಿಗೆ ಈಥರ್‌ನೆಟ್ ಟೆಸ್ಟರ್ ಹಾಕಿ ಸೆಕೆಂಡಿಗೆ 1,00,000 ಫ್ರೇಮ್ ಕಳಿಸಿ. ಒಂದು ಫ್ರೇಮ್ ಕಳೆದರೆ 10 ಮೈಕ್ರೋಸೆಕೆಂಡ್, 3,900 ಕಳೆದರೆ 39 ಮಿಲಿಸೆಕೆಂಡ್. ರಾಮನ್ ಆಂಪ್ಲಿಫೈಯರ್ ಇರುವ ಕಡೆ ಪಂಪ್ ಆಫ್ ಮಾಡದೆ ಕನೆಕ್ಟರ್ ಮುಟ್ಟಬೇಡಿ, ಕಣ್ಣಿಗೂ ಅಪಾಯ, ಕನೆಕ್ಟರಿನ ಮುಖವೂ ಸುಟ್ಟುಹೋಗುತ್ತದೆ.

ಮೂರು ಬಗೆಯಲ್ಲಿ ಕಟ್ ಮಾಡಿ: ಎರಡೂ ಫೈಬರ್ ಒಟ್ಟಿಗೆ, ಹೋಗುವುದು ಮಾತ್ರ, ಬರುವುದು ಮಾತ್ರ. ಒಂದೇ ಫೈಬರ್ ಹೋದಾಗ ಇನ್ನೊಂದು ತುದಿಗೆ ಎಪಿಎಸ್ ಸಂದೇಶ ಬಂದ ಮೇಲಷ್ಟೇ ಗೊತ್ತಾಗುತ್ತದೆ, ಸಮಯ ಹೆಚ್ಚಾಗುವುದು ಅಲ್ಲೇ.

ಆಮೇಲೆ ಎಲ್ಲರೂ ಬಿಟ್ಟುಬಿಡುವ ಪರೀಕ್ಷೆ. ಒಂದು ಒಡಿಯು2 ಇಟ್ಟು ಅಳೆದರೆ 35 ಮಿಲಿಸೆಕೆಂಡ್ ಬರುತ್ತದೆ, ರಿಪೋರ್ಟಿಗೆ ಸಹಿ ಬೀಳುತ್ತದೆ. ನಿಜವಾದ ಕಟ್‌ನಲ್ಲಿ ನೂರಾರು ಒಡಿಯು0 ಒಟ್ಟಿಗೆ ಬೀಳುತ್ತವೆ. ನೋಡ್‌ನ ಪ್ರೊಸೆಸರ್ ಅವನ್ನು ಒಂದರ ಹಿಂದೊಂದು ಮಾಡಿದರೆ ಕೊನೆಯದಕ್ಕೆ ನೂರು ಮಿಲಿಸೆಕೆಂಡ್ ದಾಟಬಹುದು. ಪೂರ್ತಿ ಸಂಖ್ಯೆಯ ಸರ್ವೀಸ್ ತುಂಬಿಸಿ, ಮೊದಲ ಮತ್ತು ಕೊನೆಯ ಸರ್ವೀಸ್ ಎರಡರಲ್ಲೂ ಟೆಸ್ಟರ್ ಇಟ್ಟು ಅಳೆಯಿರಿ. ಫಲಿತಾಂಶ ಕೆಟ್ಟದಾಗಿ ಬಂದರೆ ಸಣ್ಣ ಒಡಿಯುಗಳನ್ನು ಒಂದು ಒಡಿಯು2ರೊಳಗೆ ಕೂಡಿಸಿ ಆ ಒಡಿಯು2ನ್ನೇ ಸ್ವಿಚ್ ಮಾಡಿ. ಸ್ಲಾಟ್ ಸ್ವಲ್ಪ ವ್ಯರ್ಥವಾಗುತ್ತದೆ, ಆದರೆ ಸಂದೇಶಗಳ ಸಂಖ್ಯೆ ಎಂಟರಲ್ಲಿ ಒಂದಕ್ಕೆ ಇಳಿಯುತ್ತದೆ.

ಬಳಸದ ಬ್ಯಾಕಪ್ ಸದ್ದಿಲ್ಲದೆ ಕೆಡುತ್ತದೆ. ಹಾಪ್‌ಗಳ ಒಡಿಯು4 ಚೆನ್ನಾಗಿದೆ ಎಂದರೆ ಲಿಂಕ್ ಚೆನ್ನಾಗಿದೆ ಎಂದಷ್ಟೇ ಅರ್ಥ, ಅದರೊಳಗಿನ ಸ್ಲಾಟ್ ಪಟ್ಟಿ ಸರಿಯಿದೆಯೆಂದಲ್ಲ. ಕಾರ್ಡ್ ಬದಲಿಸಿದಾಗ, ಸಾಫ್ಟ್‌ವೇರ್ ಅಪ್‌ಗ್ರೇಡ್ ಆದಾಗ ಆ ಪಟ್ಟಿ ಅಳಿಸಿಹೋದರೂ ಒಂದು ಅಲಾರಂ ಬರುವುದಿಲ್ಲ. ಮೂರು ತಿಂಗಳಿಗೊಮ್ಮೆ, ರಾತ್ರಿ ಮೇಂಟೆನೆನ್ಸ್ ವಿಂಡೋದಲ್ಲಿ ಪ್ರತಿ ಗುಂಪಿನ ಒಂದು ಸರ್ವೀಸಿಗೆ ಮ್ಯಾನುಯಲ್ ಸ್ವಿಚ್ ಕೊಟ್ಟು ನೋಡಿ. ಅದರಲ್ಲೊಂದು ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲೇ ಇರಲಿ. ಫೈಬರ್ ದಾರಿ ಬದಲಾದಾಗ, ರಸ್ತೆ ಅಗಲೀಕರಣಕ್ಕೆಂದು ಡಕ್ಟ್ ಸರಿಸಿದಾಗ, ಬಾಡಿಗೆ ಫೈಬರ್‌ನವರು ‘ಸ್ವಲ್ಪ ರೀರೂಟ್ ಮಾಡಿದ್ದೇವೆ’ ಎಂದು ಮೇಲ್ ಹಾಕಿದಾಗ ಎಸ್‌ಆರ್‌ಎಲ್‌ಜಿ ಸಂಖ್ಯೆ ತಿದ್ದಿ, ಹಂತ 3ರ ಲೆಕ್ಕವನ್ನು ಆ ಲಿಂಕಿಗೆ ಮತ್ತೆ ಓಡಿಸಿ.